ಹದಿನೇಳರ ಹುಡುಗನ ಸಹಿ

ತಿಪಟೂರಿನಲ್ಲಿ ಮೊಬೈಲ್ ಅಂಗಡಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ‘ಹದಿನೇಳು ವರ್ಷದ ಹುಡುಗನಿಗೆ ಕಂತಿನ ಮೇಲೆ ಫೋನ್ ಕೊಟ್ಟೆ. ಎರಡು ಕಂತು ಕಟ್ಟಿ ನಿಲ್ಲಿಸಿದ. ಈಗ ಅವನ ತಂದೆ, ಮಗ ಅಪ್ರಾಪ್ತ, ಕರಾರು ರದ್ದು ಮಾಡುವ ಹಕ್ಕಿದೆ ಎನ್ನುತ್ತಾರೆ. ಕಾನೂನು ಇರುವುದು ಮೋಸಗಾರರಿಗೇ?’

ಸ್ವಾಮಿ, ನಿಮ್ಮ ನಷ್ಟ ನಿಜ, ವಯಸ್ಸು ಮುಚ್ಚಿಟ್ಟದ್ದು ಹುಡುಗನ ತಪ್ಪೇ. ಆದರೆ ನೀವು ಕಳಿಸಿದ ಅರ್ಜಿಯ ನಕಲನ್ನೂ ನೋಡಿದೆ. ಹೆಸರು, ವಿಳಾಸ, ಫೋನಿನ ಮಾದರಿ ಎಲ್ಲವೂ ನಿಮ್ಮದೇ ಅಕ್ಷರ. ಹುಟ್ಟಿದ ದಿನಾಂಕದ ಜಾಗ ಮಾತ್ರ ಖಾಲಿ. ಮೀಸೆ ಚಿಗುರಿದೆ, ಹದಿನೆಂಟಾಗಿರಬೇಕು ಎಂದುಕೊಂಡಿರೋ, ಕೇಳಿದರೆ ಗಿರಾಕಿ ಕೈತಪ್ಪುತ್ತಾನೆಂದು ಸುಮ್ಮನಾದಿರೋ?

ತಂದೆ ಹೇಳಿದ್ದೂ ಪೂರ್ತಿ ಸರಿಯಲ್ಲ. ಹುಡುಗ ಬೇಕಾದರೆ ಕೈಬಿಡಬಹುದಾದ ಕರಾರು ಅಮೆರಿಕದಲ್ಲಿದೆ. ನಮ್ಮಲ್ಲಿ ರದ್ದು ಮಾಡಲು ಕರಾರೇ ಹುಟ್ಟಿರುವುದಿಲ್ಲ. 1872ರ ಕರಾರು ಕಾಯಿದೆಯ 11ನೇ ಕಲಮನ್ನು ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪೀಠ, 1903ರಲ್ಲಿ ಹಾಗೆಯೇ ಅರ್ಥೈಸಿತು. ಅದು ಕಲ್ಕತ್ತೆಯ ಧರ್ಮದಾಸ ಘೋಷನ ಪ್ರಕರಣ. 1895ರ ಜುಲೈ 20ರಂದು ಅವನು ಬ್ರಹ್ಮೋ ದತ್ತನೆಂಬ ಲೇವಾದೇವಿದಾರನಿಗೆ 20,000 ರೂಪಾಯಿಗೆ, ಶೇಕಡ 12ರ ಬಡ್ಡಿಗೆ ಆಸ್ತಿ ಅಡಮಾನ ಬರೆದುಕೊಟ್ಟ. ‘ಇವನು ಅಪ್ರಾಪ್ತ, ಸಾಲ ಕೊಟ್ಟರೆ ನಿಮ್ಮದೇ ಹೊಣೆ’ ಎಂದು ತಾಯಿಯ ವಕೀಲರು ಐದು ದಿನ ಮೊದಲೇ ದತ್ತನ ವಕೀಲನಿಗೆ ಕಾಗದ ಬರೆದಿದ್ದರು. ಆ ವಕೀಲ ಹುಡುಗನಿಂದಲೇ ‘ನಾನು ಪ್ರಾಪ್ತ’ ಎಂದು ಬರೆಸಿಕೊಂಡು ವ್ಯವಹಾರ ಮುಗಿಸಿದ. ಕಡೆಗೆ ಅಡಮಾನ ಬಿದ್ದುಹೋಯಿತು. ಗೊತ್ತಿದ್ದೂ ಕೊಟ್ಟವನಿಗೆ ಹಣ ವಾಪಸು ಕೊಡಿಸಲು ನ್ಯಾಯಾಲಯ ಒಪ್ಪಲಿಲ್ಲ.

ಆ ವಕೀಲನ ಜಾಣತನ ಇಂದಿಗೂ ಹಾಗೆಯೇ ನಡೆದಿದೆ. ‘ನನಗೆ 18 ತುಂಬಿದೆ’ ಎಂಬ ಚೌಕಕ್ಕೆ ಮಗುವಿನ ಬೆರಳಿನಿಂದ ಗುರುತು ಹಾಕಿಸಿಕೊಂಡು ಕೈತೊಳೆದುಕೊಳ್ಳುವ ಆ್ಯಪ್‌ಗಳು ಎಷ್ಟು! ಕ್ರಿಕೆಟ್ ಆಟಕ್ಕೆ ಅಪ್ಪನ ಖಾತೆಯಿಂದ ಹಣ ಹೋದಾಗ ಎಲ್ಲರೂ ಮಗುವನ್ನೇ ಬೈಯುತ್ತಾರೆ.

ಮನೆಯವರನ್ನೂ ನಾನು ಬಿಡುವವನಲ್ಲ. ಮಕ್ಕಳ ಹೆಸರಿನ ನಿವೇಶನವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವ ತಂದೆಯರು ನಮ್ಮಲ್ಲಿ ಕಡಿಮೆಯೇನಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯಿದೆಯ 8ನೇ ಕಲಂ ಅದಕ್ಕೆ ಅಡ್ಡ ನಿಂತಿದೆ. ಅಂಥ ಕ್ರಯವನ್ನು ಮಕ್ಕಳು ದೊಡ್ಡವರಾದ ಮೇಲೆ ತಳ್ಳಿಹಾಕಬಹುದು. ದಾವಣಗೆರೆಯ ಶಾಮನೂರಿನ ನಿವೇಶನಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದಾವೆಯನ್ನೇ ಹೂಡಬೇಕಿಲ್ಲ, ಪ್ರಾಪ್ತರಾದ ಮೇಲೆ ಆ ಆಸ್ತಿಯನ್ನು ತಾವೇ ಬೇರೆಯವರಿಗೆ ಮಾರಿದರೂ ತಂದೆಯ ಕ್ರಯ ತಳ್ಳಿಹಾಕಿದಂತೆಯೇ. ತೀರ್ಪು ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ನಿಮ್ಮ ವಿಷಯಕ್ಕೆ ಬಂದರೆ, ಉಳಿದ ಕಂತು ಮರೆತುಬಿಡಿ. ಫೋನ್ ಹುಡುಗನ ಬಳಿಯೇ ಇದ್ದರೆ ಹಿಂದಿರುಗಿಸಲು ಕೇಳಿ, ಆ ಮಾತಿಗೆ ನ್ಯಾಯಾಲಯಗಳು ಕಿವಿಗೊಟ್ಟದ್ದುಂಟು. ಮುಂದೆ ಮಕ್ಕಳು ಬಂದರೆ ತಂದೆಯೋ ತಾಯಿಯೋ ಸ್ವತಃ ಖರೀದಿದಾರರಾಗಿ ಸಹಿ ಹಾಕಲಿ, ಆಗ ಕಂತಿಗೆ ಅವರೇ ಹೊಣೆ. ಅದಕ್ಕೂ ಮೊದಲು ಆ ಖಾಲಿ ಜಾಗ ತುಂಬಿಸಿ.