ಬೇಕರಿ ಸಿಸಿಟಿವಿ ವಿಡಿಯೋ ಕೋರ್ಟಲ್ಲಿ ನಡೆಯುತ್ತಾ?

ಪ್ರಶ್ನೆ: ಸರ್, ಎರಡು ವಾರದ ಹಿಂದೆ ನಮ್ಮಣ್ಣ ತೋಟದಿಂದ ಬೈಕಲ್ಲಿ ಬರ್ತಿದ್ದಾಗ ಪಿಕಪ್ ಗುದ್ದಿ ಬಲಗಾಲು ಮುರೀತು, ರಾಡ್ ಹಾಕಿದ್ದಾರೆ. ಪಕ್ಕದ ಬೇಕರಿ ಸಿಸಿಟಿವೀಲಿ ಎಲ್ಲಾ ಬಿದ್ದಿದೆ, ಆ ಸ್ಕ್ರೀನನ್ನ ನನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡಿದ್ದೀನಿ. ಇನ್ಶೂರೆನ್ಸ್‌ನವ್ರು ಇದು ನಡೆಯಲ್ಲ ಅಂತಾರೆ. ಎಕ್ಸ್‌ಪರ್ಟ್ ಹತ್ರ ಹೇಳಿಸಿದ್ರೆ ಆಗುತ್ತಾ?
– ಓದುಗರು, ಸುಂಟಿಕೊಪ್ಪ

ಉತ್ತರ: ಎಕ್ಸ್‌ಪರ್ಟ್ ಆಮೇಲೆ, ಮೊದ್ಲು ಇವತ್ತೇ ಆ ಬೇಕರಿಗೆ ಹೋಗಿ. ಡಿವಿಆರ್‌ನಲ್ಲಿ, ಅಂದ್ರೆ ಕ್ಯಾಮೆರಾ ವಿಡಿಯೋ ಉಳಿಸಿಡೋ ಪೆಟ್ಟಿಗೇಲಿ, ಹಾರ್ಡ್‌ಡಿಸ್ಕ್ ತುಂಬಿದ ಹಾಗೆ ಹಳೇದು ಅಳಿಸ್ತಾ ಹೋಗುತ್ತೆ, ಎಷ್ಟೋ ಕಡೆ 15-30 ದಿನ ಇದ್ರೆ ಹೆಚ್ಚು, ಹಾಗಾಗಿ ಅಳಿಸ್ಬೇಡಿ ಅಂತ ಮಾಲೀಕರಿಗೊಂದು ಪತ್ರ, ಡಿವಿಆರ್ ಮಹಜರು ಮಾಡಿ ವಶಕ್ಕೆ ತಗೊಳ್ಳಿ ಅಂತ ಸ್ಟೇಷನ್‌ಗೊಂದು ಅರ್ಜಿ ಕೊಟ್ಟು ಎರಡಕ್ಕೂ ಸಹಿ ಹಾಕಿಸ್ಕೊಳ್ಳಿ. ನಮ್ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಡಿವಿಆರ್ ಗಡಿಯಾರ ತಪ್ಪೋದುಂಟು, ಎಫ್‌ಐಆರ್‌ನಲ್ಲಿ ಸಂಜೆ 5 ಗಂಟೆ, ವಿಡಿಯೋದಲ್ಲಿ 3 ಗಂಟೆ ಅಂತಿದ್ರೆ ಎದುರು ವಕೀಲರು ಅದನ್ನೇ ಹಿಡ್ಕೊಳ್ತಾರೆ. ಈಗ ಮೊಬೈಲಲ್ಲಿ ಎಷ್ಟು ಗಂಟೆ, ಡಿವಿಆರ್‌ನಲ್ಲಿ ಎಷ್ಟು ಅಂತ ಮಹಜರಲ್ಲೇ ಬರೆಸಿಬಿಡಿ.

ಕಾನೂನು ಹೀಗಿದೆ: 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಕಾಪಿ ಹಾಜರು ಮಾಡೋದಾದ್ರೆ ಸರ್ಟಿಫಿಕೇಟ್ ಬೇಕು, ಅದ್ರ ಎ ಭಾಗಕ್ಕೆ ಯಂತ್ರ ನೋಡ್ಕೊಳ್ಳೋರು, ಬಿ ಭಾಗಕ್ಕೆ ತಜ್ಞರು ಸಹಿ ಹಾಕ್ಬೇಕು, ಫೈಲಿನ ಹ್ಯಾಶ್ ವ್ಯಾಲ್ಯೂ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ, ಒಳಗೆ ಚೂರು ಬದಲಾದ್ರೂ ನಂಬರೇ ಬೇರೆ ಆಗುತ್ತೆ. ವಾಟ್ಸಾಪಲ್ಲಿ ಕಳ್ಸಿದ ವಿಡಿಯೋ ಕುಗ್ಗಿ ಬೇರೆ ಫೈಲೇ ಆಗಿರುತ್ತೆ, ಅದನ್ನ ನಂಬ್ಕೊಂಡು ಕೂರ್ಬೇಡಿ. ಡಿವಿಆರ್ ಅನ್ನೇ ಕೋರ್ಟಿಗೆ ತಂದು ಮಾಲೀಕರು ಸಾಕ್ಷಿ ಹೇಳಿದ್ರೆ ಸರ್ಟಿಫಿಕೇಟ್ ಬೇಡ ಅಂತ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಕೇಸಲ್ಲಿ, ಹಳೇ ಕಾಯ್ದೆ ಕೆಳಗೆ, ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಎಕ್ಸ್‌ಪರ್ಟ್ ವಿಷಯ. ಅದೇ ಹೊಸ ಅಧಿನಿಯಮದ 39ನೇ ಕಲಂ ಪ್ರಕಾರ ತಜ್ಞರ ಅಭಿಪ್ರಾಯ ತಗೋಬಹುದು, ಆದ್ರೆ ಅವ್ರು ಲೆಕ್ಕ ತೋರಿಸ್ಬೇಕು. ಎರಡು ಕರೆಂಟ್ ಕಂಬದ ಮಧ್ಯೆ ಟೇಪ್ ಹಿಡಿದ್ರೆ 20 ಮೀಟರ್ ಬಂತು ಅನ್ಕೊಳ್ಳಿ, ಪಿಕಪ್ ಅದನ್ನ ದಾಟೋಕೆ 30 ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ತಗೊಂಡಿದೆ, ಸೆಕೆಂಡಿಗೆ 25 ಫ್ರೇಮ್ ಆದ್ರೆ 1.2 ಸೆಕೆಂಡ್, ಅಂದ್ರೆ ಗಂಟೆಗೆ 60 ಕಿ.ಮೀ. ಆದ್ರೆ ಆ ಡಿವಿಆರ್ ನಿಜವಾಗ್ಲೂ 25 ಫ್ರೇಮ್ ರೆಕಾರ್ಡ್ ಮಾಡ್ತಿತ್ತಾ? 12 ಆಗಿದ್ರೆ ವೇಗ ಅರ್ಧಕ್ಕೂ ಕೆಳಗಿಳಿಯುತ್ತೆ, ಅದಕ್ಕೇ ಒರಿಜಿನಲ್ ಬೇಕು ಅಂತ ಅಷ್ಟು ಒತ್ತಿ ಹೇಳ್ತಿರೋದು. "ಡ್ರೈವರ್‌ದೇ ತಪ್ಪು" ಅಂತ ತಜ್ಞರು ಬರೆದುಕೊಟ್ರೆ ಅದು ತೀರ್ಪಾಗಲ್ಲ, ಅದನ್ನ ತೀರ್ಮಾನ ಮಾಡೋದು ಜಡ್ಜ್ ಕೆಲ್ಸ. ಗುದ್ದಿದ್ದು ಕಣ್ಣಿಗೇ ಸ್ಪಷ್ಟವಾಗಿ ಕಾಣ್ತಿದ್ರೆ ವೇಗದ ರಿಪೋರ್ಟಿಗೆ ದುಡ್ಡು ಸುರೀಬೇಡಿ, ಅಣ್ಣನ ಚಿಕಿತ್ಸೆಗೆ ಇಟ್ಕೊಳ್ಳಿ.

ಅಪಘಾತದ ಪರಿಹಾರ ತೀರ್ಮಾನ ಮಾಡೋ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಕೇಳಲ್ಲ, ಯಾವುದು ಹೆಚ್ಚು ಸಂಭವ ಅಂತ ನೋಡ್ತಾರೆ, ಹಾಗಾಗಿ ಹೆದರ್ಬೇಡಿ. ಅರ್ಜಿ ಮಾತ್ರ ಅಪಘಾತ ಆದ 6 ತಿಂಗಳೊಳಗೆ ಹಾಕಿಬಿಡಿ, ಕಾಲು ಪೂರ್ತಿ ವಾಸಿಯಾಗ್ಲಿ ಅಂತ ಕಾಯ್ಬೇಡಿ.