ಅಳಿಯನ ಅಜ್ಜಿಯರ ತವರು ಹುಡುಕುವುದು ಹೇಗೆ?

ಪ್ರಶ್ನೆ: ಮಗಳು ಮಾಂಟ್ರಿಯಲ್‌ನಲ್ಲಿದ್ದಾಳೆ. ಅಳಿಯನ ತಾಯಿಯ ಕಡೆಯವರು ಕ್ಯುಬೆಕ್‌ನ ಫ್ರೆಂಚರು, ತಂದೆಯ ಕಡೆಯವರು ಸ್ಕಾಟ್ಲೆಂಡ್ ಮೂಲದವರು. ಮೊಮ್ಮಗಳಿಗೆಂದು ನಮ್ಮ ಮನೆತನದ ಏಳು ತಲೆಮಾರು ಬರೆದಿಟ್ಟಿದ್ದೇನೆ. ಬೀಗರ ಕಡೆಯದನ್ನೂ ಸೇರಿಸುವ ಆಸೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಒಂದು ವಂಶವೃಕ್ಷ ಫ್ರಾನ್ಸಿನ ರಾಜಮನೆತನಕ್ಕೇ ಹೋಗಿ ಮುಟ್ಟುತ್ತದೆ. ನಂಬಬಹುದೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಆ ವೃಕ್ಷವನ್ನು ಸದ್ಯಕ್ಕೆ ಬದಿಗಿಡಿ. ಯಾರೋ ಹೆಣೆದದ್ದನ್ನು ಇನ್ಯಾರೋ ನಕಲು ಮಾಡಿ, ಒಂದು ತಪ್ಪು ನೂರು ಕಡೆ ಹರಡಿರುತ್ತದೆ. ನಮ್ಮಲ್ಲಿ ಎತ್ತಿನ ಮೇಲೆ ಬರುವ ಹೆಳವರು ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಪೀಳಿಗೆ ಹೇಳುತ್ತಾರಲ್ಲ, ನೀವೂ ಹಾಗೆಯೇ ಬೀಗಿತ್ತಿಯವರಿಂದ ಆರಂಭಿಸಿ. ಅವರ ಅಪ್ಪ ಅಮ್ಮನ ಮದುವೆ ಯಾವ ಊರಿನ ಯಾವ ಚರ್ಚಿನಲ್ಲಿ ನಡೆಯಿತು? ನಿಮಗೆ ಮೊದಲು ಬೇಕಾದದ್ದು ಇದೊಂದೇ.

ಏಕೆಂದರೆ ಕ್ಯುಬೆಕ್‌ನಲ್ಲಿ ಮದುವೆಯ ದಾಖಲೆಯೇ ಏಣಿ. ಅಲ್ಲಿನ ಕ್ಯಾಥೊಲಿಕ್ ಪಾದ್ರಿಗಳು 1621ರಿಂದ ಬರೆದಿಟ್ಟ ಪುಸ್ತಕಗಳು ಉಳಿದಿವೆ. ಒಂದು ಪ್ರತಿ ಚರ್ಚಿಗೆ, ಇನ್ನೊಂದು ನ್ಯಾಯಾಲಯಕ್ಕೆ ಹೋಗುತ್ತಿದ್ದುದರಿಂದ ಒಂದು ಸುಟ್ಟರೂ ಇನ್ನೊಂದು ಸಿಗುವ ಸಾಧ್ಯತೆ ಇದೆ. ಮದುವೆಯ ಬರಹದಲ್ಲಿ 'ಫೀಸ್ ದ' ಎಂದರೆ ಇಂಥವರ ಮಗ, 'ಫೀಯ್ ದ' ಎಂದರೆ ಇಂಥವರ ಮಗಳು; ಅದರ ಮುಂದೆ ತಂದೆಯ ಹೆಸರು, ತಾಯಿಯದು ತವರಿನ ಹೆಸರಿನೊಂದಿಗೇ ಇರುತ್ತದೆ. ಆ ತಾಯಿತಂದೆಯರ ಮದುವೆಯನ್ನು ಹುಡುಕಿದರೆ ಇನ್ನೊಂದು ಮೆಟ್ಟಿಲು. 'ವವ್ ದ' ಎಂದು ಕಂಡರೆ ವಧು ವಿಧವೆ. ಅಲ್ಲಿ ಸಾಮಾನ್ಯವಾಗಿ ಮೊದಲ ಗಂಡನ ಹೆಸರಷ್ಟೇ ಇರುತ್ತದೆ, ಅವಳ ಮೊದಲ ಮದುವೆಗೇ ಹೋಗಬೇಕು. ಈ ಪುಸ್ತಕಗಳ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ದ್ರುವಾಂ ಸಂಸ್ಥೆಯ ಸಂಗ್ರಹಕ್ಕೆ ಚಂದಾ ಕಟ್ಟಬೇಕು, ಆದರೆ ಹುಡುಕಲು ಅದು ಹೆಚ್ಚು ಸಲೀಸು.

ಮನೆಹೆಸರು ಇದ್ದಕ್ಕಿದ್ದಂತೆ ಬದಲಾದರೆ ಗಾಬರಿಯಾಗಬೇಡಿ. 1665ರಲ್ಲಿ ಫ್ರಾನ್ಸಿನಿಂದ ಬಂದಿಳಿದ ಕಾರಿನ್ಯಾಂ-ಸಾಲಿಯೇರ್ ದಳದ ಸೈನಿಕರಂಥವರಿಗೆ ಒಂದು ಅಡ್ಡಹೆಸರೂ ಇರುತ್ತಿತ್ತು. ಎರಡರ ನಡುವೆ 'ದಿ' ಎಂದು ಬರೆಯುತ್ತಿದ್ದರು; ಎಂದರೆ 'ಎನಿಸಿಕೊಂಡ'. 'ಯೂಡೋಂ ದಿ ಬೋಲ್ಯು' ಎಂಬ ಮನೆತನದಲ್ಲಿ ಒಬ್ಬ ಮೊಮ್ಮಗ ಯೂಡೋಂ ಆಗಿ, ಇನ್ನೊಬ್ಬ ಬೋಲ್ಯು ಆಗಿ ಉಳಿದಿರಬಹುದು. ಎರಡೂ ಹೆಸರಿನಲ್ಲಿ ಹುಡುಕಿ.

ಸ್ಕಾಟ್ಲೆಂಡಿಗೆ ಸರ್ಕಾರದ್ದೇ ತಾಣವಿದೆ: ಸ್ಕಾಟ್‌ಲ್ಯಾಂಡ್ಸ್ ಪೀಪಲ್. ಹೆಸರು ಹುಡುಕುವುದು ಉಚಿತ, ಹೆಚ್ಚಿನ ದಾಖಲೆಗಳ ಚಿತ್ರ ನೋಡಲು ಹಣ. ಅಲ್ಲಿ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದು ಚರ್ಚಿನ ಪುಸ್ತಕಗಳಲ್ಲಿ, ಅಲ್ಲಲ್ಲಿ ಹರಿದುಹೋಗಿದೆ. ಆದರೆ ಅಲ್ಲಿಯೂ ಹೆಂಗಸರ ತವರಿನ ಹೆಸರು ಅಳಿದಿಲ್ಲ. ಇಂಗ್ಲೆಂಡಿನ ಹಳೆಯ ದಾಖಲೆಗಳೊಂದಿಗೆ ಹೆಣಗಿದವರಿಗೆ ಇದೆಷ್ಟು ದೊಡ್ಡ ಭಾಗ್ಯವೆಂದು ಗೊತ್ತು. 1855ರ ನಂತರದ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಿನ ಜೊತೆ ತಾಯಿಯ ತವರಿನ ಹೆಸರನ್ನೂ ಕೇಳಿ ಬರೆಯುತ್ತಿದ್ದರು. ನಿಮ್ಮ ಬೀಗರ ಪೂರ್ವಜ ಹಡಗು ಹತ್ತಿ ಹೋಗಿ ಕೆನಡಾದಲ್ಲಿ ತೀರಿಕೊಂಡಿದ್ದರೆ, ಊರಿನಲ್ಲೇ ಉಳಿದ ಅವನ ಅಣ್ಣನ ಅಥವಾ ತಂಗಿಯ ಮರಣ ದಾಖಲೆ ತೆರೆಯಿರಿ. 1780ರ ಸುಮಾರಿಗೆ ಹುಟ್ಟಿ 1860ರಲ್ಲಿ ಸತ್ತ ಮುದುಕಿಯ ದಾಖಲೆ ನಿಮ್ಮನ್ನು ಅವಳ ಅಮ್ಮನವರೆಗೆ ಕರೆದೊಯ್ಯಬಹುದು.

ಮಕ್ಕಳ ಹೆಸರನ್ನೂ ಗಮನಿಸಿ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ರೂಢಿ ಅಲ್ಲಿತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದು ಹೊಸದೇನಲ್ಲ. ಎಲ್ಲರೂ ಪಾಲಿಸಿದ ನಿಯಮವಲ್ಲವಾದ್ದರಿಂದ ಸುಳಿವೆಂದಷ್ಟೇ ಇಟ್ಟುಕೊಳ್ಳಿ.

ಒಂದು ಮಾತು ಮುಖ್ಯ. ಬೀಗರ ಹೆಸರು ಫ್ರೇಸರ್, ರಾಸ್, ಬ್ಲ್ಯಾಕ್‌ಬರ್ನ್ ಎಂದಿದ್ದು ಮನೆಯ ಮಾತು ಮಾತ್ರ ತಲೆಮಾರುಗಳಿಂದ ಫ್ರೆಂಚ್ ಆಗಿದ್ದರೆ, ಸ್ಕಾಟ್ಲೆಂಡಿನ ತಾಣಕ್ಕೆ ಹಣ ಕಟ್ಟಲು ಅವಸರ ಬೇಡ. 1759ರಲ್ಲಿ ಕ್ಯುಬೆಕ್ ನಗರದ ಮುತ್ತಿಗೆಗೆ ಬಂದ, ಬ್ರಿಟಿಷ್ ಸೇನೆಯ ಸ್ಕಾಟಿಷ್ ಪಡೆಯಾದ 78ನೇ ಫ್ರೇಸರ್ ಹೈಲ್ಯಾಂಡರ್ಸ್ ದಳದ ಹಲವರು, 1763ರಲ್ಲಿ ದಳ ವಿಸರ್ಜನೆಯಾದ ಮೇಲೆ ಅಲ್ಲೇ ನೆಲೆಸಿ ಫ್ರೆಂಚ್ ಹುಡುಗಿಯರನ್ನು ಮದುವೆಯಾದರು. ಇಂದಿನ ಲಾ ಮಾಲ್ಬೇ ಪ್ರದೇಶದಲ್ಲಿ ಆ ದಳದ ಅಧಿಕಾರಿಗಳಾದ ಜಾನ್ ನೇರ್ನ್ ಮತ್ತು ಮಾಲ್ಕಮ್ ಫ್ರೇಸರ್ ಅವರಿಗೆ ಜಹಗೀರು ಸಿಕ್ಕಿತ್ತು. ಹಾಗಿದ್ದರೆ ಬೀಗರ ಅಜ್ಜನ ಹೆಸರನ್ನೂ ಮೊದಲು ಕ್ಯುಬೆಕ್‌ನ ಆ ಪಾದ್ರಿಗಳ ಪುಸ್ತಕದಲ್ಲೇ ಹುಡುಕಿ. ಫ್ರೆಂಚ್ ಕಿವಿಗೆ ಕೇಳಿಸಿದಂತೆ ಬರೆದಿರುತ್ತಾರೆ, ಕಾಗುಣಿತ ಬೇರೆಯಾಗಿ ಕಂಡರೆ ಬಿಟ್ಟು ಮುಂದೆ ಹೋಗಬೇಡಿ.