ಬದನೆಯ ಕಾಯಿಕೊರಕ: ಬಾಡಿದ ಕುಡಿಯಲ್ಲೇ ತಡೆಯಬೇಕು

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಹತ್ತು ಕುಂಡಗಳಲ್ಲಿ ಈರನಗೆರೆ ಬದನೆ ಬೆಳೆಸಿದ್ದೇನೆ. ಕುಡಿಗಳು ಬಾಡತೊಡಗಿದಾಗ ನೀರು ಸಾಲದೆಂದು ತಿಳಿದು ಹೆಚ್ಚು ನೀರು ಹಾಕಿದೆ. ಈಗ ಕಾಯಿಗಳಲ್ಲೂ ಹುಳು ಕಾಣುತ್ತಿದೆ. ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿದರೂ ಗುಣವಿಲ್ಲ. ರಾಸಾಯನಿಕ ಬಳಸದೆ ಬೆಳೆ ಉಳಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಉಳಿಸಿಕೊಳ್ಳಬಹುದು. ಹತ್ತು ಗಿಡಗಳಿಗೆ ಸಿಂಪಡಣೆಗಿಂತ ನಿಮ್ಮ ಕಣ್ಣು ಮತ್ತು ಕತ್ತರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ನೀರಿನ ಕೊರತೆಯಾದರೆ ಇಡೀ ಗಿಡ ಸೊರಗುತ್ತದೆ. ಉಳಿದ ಎಲೆಗಳೆಲ್ಲ ನೆಟ್ಟಗಿದ್ದು, ಬೆಳಗಿನ ತಂಪಿನಲ್ಲೂ ಒಂದೆರಡು ಕುಡಿಗಳು ಮಾತ್ರ ಜೋತುಬಿದ್ದಿದ್ದರೆ ಅದು ಬಹುಮಟ್ಟಿಗೆ ಕುಡಿ ಮತ್ತು ಕಾಯಿಕೊರಕದ ಕೆಲಸ. ಅಂಥ ಒಂದು ಕುಡಿಯನ್ನು ಕತ್ತರಿಸಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ: ಟೊಳ್ಳಾದ ದಂಟಿನೊಳಗೆ ಕಂದು ಹಿಕ್ಕೆಯ ನಡುವೆ, ಕಂದು ತಲೆಯ, ನಸುಗುಲಾಬಿ ಬಣ್ಣದ ಮರಿಹುಳು ಸಿಗುತ್ತದೆ.

ರಾತ್ರಿ ಹಾರಾಡುವ ಚಿಕ್ಕ ಬಿಳಿ ಪತಂಗ ಹೆಚ್ಚಾಗಿ ಎಲೆಗಳ ತಳಭಾಗದಲ್ಲಿ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಹೊಕ್ಕು, ಸುಮಾರು ಎರಡು ವಾರ ಅಲ್ಲೇ ತಿಂದು ಬೆಳೆಯುತ್ತದೆ. ಒಳಗಿರುವ ಹುಳುವಿಗೆ ನಿಮ್ಮ ಬೇವಿನೆಣ್ಣೆ ತಾಗುವುದೇ ಇಲ್ಲ. ಒಳಹೊಕ್ಕ ಸಣ್ಣ ರಂಧ್ರ ಕಾಯಿ ಬೆಳೆದಂತೆ ಮುಚ್ಚಿಕೊಳ್ಳುವುದರಿಂದ, ನಮಗೆ ಎದ್ದು ಕಾಣುವ ದೊಡ್ಡ ತೂತು ಸಾಮಾನ್ಯವಾಗಿ ಹುಳು ಹೊರಗೆ ಹೋದ ದಾರಿ. ತೂತಿಲ್ಲದ ಕಾಯಿಯಲ್ಲೇ ಹುಳು ಇನ್ನೂ ಉಳಿದಿರಬಹುದು.

ಆದ್ದರಿಂದ ಬಾಡಿದ ಕುಡಿಯನ್ನು ಕಂಡ ದಿನವೇ, ಬಾಡಿದ ಭಾಗಕ್ಕಿಂತ ಎರಡು ಬೆರಳು ಕೆಳಗೆ, ಕತ್ತರಿಸಿರಿ. ಕತ್ತರಿಸಿದ ದಂಟು ಪೊಳ್ಳಾಗಿದ್ದರೆ ಗಟ್ಟಿ ಭಾಗ ಸಿಗುವವರೆಗೆ ಇನ್ನಷ್ಟು ಕೆಳಗೆ ಕತ್ತರಿಸಬೇಕು. ಪಕ್ಕದಿಂದ ಹೊಸ ಕವಲು ಒಡೆಯುವುದರಿಂದ ಗಿಡಕ್ಕೆ ನಷ್ಟವಿಲ್ಲ. ಕತ್ತರಿಸಿದ ಕುಡಿಗಳನ್ನೂ ಹುಳುಕು ಕಾಯಿಗಳನ್ನೂ ಗೊಬ್ಬರದ ತೊಟ್ಟಿಗೆ ಹಾಕದೆ ಸೋಪಿನ ನೀರಿನಲ್ಲಿ ಮುಳುಗಿಸಿಡಿ. ಬಲಿತ ಹುಳು ಕೆಳಗಿಳಿದು ತರಗೆಲೆಗಳಲ್ಲಿ ಗೂಡು ಕಟ್ಟಿ ಕೋಶವಾಗುವುದರಿಂದ, ಕುಂಡದಲ್ಲಿ ಉದುರಿದ ಎಲೆಗಳನ್ನೂ ಆಗಾಗ ತೆಗೆಯಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಬೇವನ್ನು ಪೂರ್ತಿ ಬಿಡಬೇಕಾಗಿಲ್ಲ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ, ಸಂಜೆಯ ಹೊತ್ತು ಎಲೆಗಳ ತಳಕ್ಕೂ ಎಳೆ ಕಾಯಿಯ ತೊಟ್ಟಿನ ಸುತ್ತಲೂ ಬೀಳುವಂತೆ ಸಿಂಪಡಿಸಿದರೆ, ಆಗಷ್ಟೇ ಹೊರಬಂದ ಮರಿಗಳನ್ನು ಒಳಹೊಗುವ ಮೊದಲೇ ತಡೆಯಬಹುದು. ಎರಡು ಮೂರು ದಿನಕ್ಕೊಮ್ಮೆ ಕಾಯಿ ಕೀಳುವ ಮನೆಯ ಗಿಡಕ್ಕೆ ರಾಸಾಯನಿಕ ಹೊಡೆದು, ಸಿಂಪಡಿಸಿದ ಮೇಲೆ ಕಾಯಿ ಕೀಳದೆ ಕಾಯಬೇಕಾದ ದಿನಗಳು ಮುಗಿಯುವ ಮೊದಲೇ ಅಡುಗೆಗೆ ಬಳಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ಮುಂದಿನ ಬಾರಿ ಸಸಿ ನೆಟ್ಟ ದಿನದಿಂದಲೇ ಕೋಲುಗಳ ಮೇಲೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಕುಂಡದ ಸುತ್ತ ಬಿಗಿಯಾಗಿ ಬಿಗಿದರೆ ಪತಂಗಕ್ಕೆ ಮೊಟ್ಟೆಯಿಡಲು ಅವಕಾಶವೇ ಸಿಗದು. ಪರದೆಯೊಳಗೆ ಜೇನುನೊಣ ಬರಲಾರದಾದರೂ ಬದನೆಯಲ್ಲಿ ಸ್ವಕೀಯ ಪರಾಗಸ್ಪರ್ಶವಾಗುವುದರಿಂದ, ಹೂಬಿಟ್ಟಾಗ ಬೆಳಗಿನ ಹೊತ್ತು ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಕಾಯಿ ಕಟ್ಟುತ್ತದೆ.